ಒಂದೂವರೆ ತೊಲದ ಗುಂಡು: ಮಧ್ಯಮ ಬೋರ್ ರೈಫಲ್ ತೋಟಾಗಳನ್ನು ಹೋಲಿಸುವುದು ಹೇಗೆ

ಮೇಜಿನ ಮೇಲೆ ಎರಡು ತೋಟಾ ನಿಲ್ಲಿಸಿಕೊಂಡು ಮಾತು ಶುರು ಮಾಡೋಣ. ಎರಡೂ ಹಿತ್ತಾಳೆಯವು, ಎರಡೂ ಕೈಬೆರಳಿಗಿಂತ ಉದ್ದ. ಒಂದು ಸುಮಾರು 84 ಮಿಲಿಮೀಟರ್ ಎತ್ತರ, ನಯವಾದ ಮೈ. ಇನ್ನೊಂದು 91 ಮಿಲಿಮೀಟರ್, ಸ್ವಲ್ಪ ದಪ್ಪ. ಅದರ ಬುಡದಲ್ಲಿ ಮಗುವಿನ ಸೊಂಟಕ್ಕೆ ಕಟ್ಟಿದ ಉಡಿದಾರದ ಹಾಗೆ ಒಂದು ಏಣು ಸುತ್ತಿಕೊಂಡಿದೆ. ಮೊದಲನೆಯದು ಜರ್ಮನಿಯ 9.3×62 ಮೌಸರ್, 1905ರದ್ದು. ಎರಡನೆಯದು ಇಂಗ್ಲೆಂಡಿನ .375 ಹಾಲೆಂಡ್ ಅಂಡ್ ಹಾಲೆಂಡ್, 1912ರದ್ದು. ಎರಡಕ್ಕೂ ನೂರು ವರ್ಷ ದಾಟಿದೆ. ಆದರೂ ಸ್ವೀಡನ್ನಿನ ಕಾಡಿನಲ್ಲಿ ಮೂಸ್ ಅನ್ನುವ ದೈತ್ಯ ಜಿಂಕೆಗೆ, ಆಫ್ರಿಕಾದಲ್ಲಿ ಕೇಪ್ ಬಫೆಲೊ ಅನ್ನುವ ಕಾಡುಕೋಣಕ್ಕೆ ಇವತ್ತಿಗೂ ಇವೇ ಬೇಕು.

ಇವನ್ನು ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ. ಯಾವುದಕ್ಕೆ ಪವರ್ ಜಾಸ್ತಿ? ಆ ಪ್ರಶ್ನೆಗೆ ಉತ್ತರ ಸುಲಭ, ಡಬ್ಬಿಯ ಮೇಲೇ ಬರೆದಿರುತ್ತದೆ. ಆದರೆ ಆ ಉತ್ತರ ಹಿಡಿದುಕೊಂಡು ತೋಟಾ ಆರಿಸಿದರೆ ಎಡವುವುದು ಖಂಡಿತ. ಯಾಕೆ ಅಂತ ಬಿಡಿಸಿ ಹೇಳುವುದಕ್ಕೇ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಅದು ಹಾಗೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನಿಲ್ಲಿ ಹೇಳುತ್ತಿರುವುದು ಸ್ವೀಡನ್, ಅಲಾಸ್ಕ, ನಮೀಬಿಯ, ತಾಂಜಾನಿಯದಂಥ ಕಡೆಯ ಮಾತು. ಅಲ್ಲಿ ಸರ್ಕಾರವೇ ಲೆಕ್ಕ ಹಾಕಿ, ಪರವಾನಗಿ ಕೊಟ್ಟು, ಇಂತಿಷ್ಟೇ ಪ್ರಾಣಿ ಅಂತ ಗೊತ್ತು ಮಾಡುತ್ತದೆ. ಅಲ್ಲಿ ಒಳ್ಳೆಯ ಬೇಟೆಗಾರನಿಗೆ ಇರುವ ದೊಡ್ಡ ಹೆದರಿಕೆ ಗುರಿ ತಪ್ಪುವುದಲ್ಲ, ಗಾಯಗೊಂಡ ಪ್ರಾಣಿ ಕಾಡಿನೊಳಗೆ ನಡೆದುಹೋಗಿ ಎರಡು ದಿನ ನರಳುವುದು. ತೋಟಾದ ಚರ್ಚೆಯೆಲ್ಲ ಹುಟ್ಟಿದ್ದು ಆ ಹೆದರಿಕೆಯಿಂದ.

ಬೋರ್ ಅಂದರೆ ಎಷ್ಟು?

ನಾನು ಕೊಡಗಿನಲ್ಲಿ ಬೆಳೆದವನು. ಕೈಲ್ ಪೊಳ್ದ್ ದಿನ ಕೋವಿಗಳನ್ನು ಒರೆಸಿ, ದೇವರ ಮುಂದೆ ಇಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸುವುದನ್ನು ನೋಡಿದವನು. ಅಲ್ಲಿ ಕೋವಿ ಅಂದರೆ ಹೆಚ್ಚಾಗಿ 12 ಬೋರ್. ಇದರ ಲೆಕ್ಕ ಸ್ವಲ್ಪ ತಿರುಗುಮುರುಗು. ಒಂದು ಪೌಂಡ್ ಸೀಸವನ್ನು ಸಮನಾದ 12 ಉಂಡೆ ಮಾಡಿದರೆ ಒಂದೊಂದು ಉಂಡೆ ಎಷ್ಟು ದಪ್ಪ ಬರುತ್ತದೋ ಅಷ್ಟು ಅಗಲದ ನಳಿಗೆ. ಹದಿನಾರು ಉಂಡೆ ಮಾಡಿದರೆ ಒಂದೊಂದೂ ಚಿಕ್ಕದಾಗುತ್ತದೆ. ಹಾಗಾಗಿ 16 ಬೋರ್ ಅನ್ನುವುದು 12 ಬೋರ್‌ಗಿಂತ ಸಣ್ಣದು.

ರೈಫಲ್‌ನಲ್ಲಿ ಆ ಗೊಂದಲ ಇಲ್ಲ. ಅಲ್ಲಿ ಸಂಖ್ಯೆ ನೇರವಾಗಿ ಅಗಲವನ್ನೇ ಹೇಳುತ್ತದೆ. .375 ಅಂದರೆ ಇಂಚಿನ ಸಾವಿರದಲ್ಲಿ 375 ಭಾಗ, ಸುಮಾರು 9.5 ಮಿಲಿಮೀಟರ್. 9.3×62 ಅಂದರೆ ಗುಂಡಿನ ಅಗಲ 9.3 ಮಿಲಿಮೀಟರ್, ಖಾಲಿ ತೋಟಾದ ಉದ್ದ 62 ಮಿಲಿಮೀಟರ್. ಮಧ್ಯಮ ಬೋರ್ ಅಂತ ಕರೆಯುವುದು ಹೆಚ್ಚುಕಡಿಮೆ .33ರಿಂದ .375 ಇಂಚಿನವರೆಗಿನ ಗುಂಪನ್ನು. ಕಾನೂನಿನ ಗೆರೆಯೇನೂ ಅಲ್ಲ, ರೂಢಿ ಅಷ್ಟೆ. ಅದರ ಕೆಳಗೆ ಅಮೆರಿಕದ .30-06, ನಮ್ಮ ಸರ್ಕಾರಿ ಕಾರ್ಖಾನೆಯ .315 ಇವೆಲ್ಲ ಬರುತ್ತವೆ. ಮೇಲೆ .416, .458 ಥರದ ಆನೆಕೋವಿಗಳು.

ಗುಂಡಿನ ತೂಕವನ್ನು ಇವತ್ತಿಗೂ ಗ್ರೇನ್ ಅನ್ನುವ ಹಳೆಯ ಅಳತೆಯಲ್ಲೇ ಹೇಳುತ್ತಾರೆ. ಇದನ್ನು ನಮ್ಮ ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟರೆ ತಕ್ಷಣ ಅರ್ಥವಾಗುತ್ತದೆ. ಒಂದು ತೊಲ ಅಂದರೆ ಸರಿಯಾಗಿ 180 ಗ್ರೇನ್, 11.66 ಗ್ರಾಂ. .30-06ರಲ್ಲಿ ಹಾಕುವ 180 ಗ್ರೇನ್ ಗುಂಡು ಒಂದು ತೊಲ. .375ರಲ್ಲಿ ಹಾಕುವ 270 ಗ್ರೇನ್ ಗುಂಡು ಒಂದೂವರೆ ತೊಲ. ಅದರಲ್ಲೇ ಬರುವ 300 ಗ್ರೇನ್ ಗುಂಡು 19.4 ಗ್ರಾಂ. ಒಂದು ಮದುವೆ ಬಳೆಯಷ್ಟು ತೂಕ ಸೆಕೆಂಡಿಗೆ 770 ಮೀಟರ್ ವೇಗದಲ್ಲಿ ಹೊರಡುತ್ತದೆ.

ಗುಂಡು ಪ್ರಾಣಿಯನ್ನು ಕೆಡವುವುದಿಲ್ಲ

ದೊಡ್ಡ ಗುಂಡು ಬಡಿದರೆ ಪ್ರಾಣಿ ಹಿಂದಕ್ಕೆ ಹಾರಿ ಬೀಳುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. 19.4 ಗ್ರಾಂ ಗುಂಡು, ವೇಗ 770 ಮೀಟರ್. ತೂಕವನ್ನು ಕೆಜಿಯಲ್ಲಿ ತಗೊಂಡು ಗುಣಿಸಿದರೆ ಅದರ ತಳ್ಳು ಸುಮಾರು 15. ಇದೇ ಗುಂಡು 50 ಕೆಜಿಯ ಕಾಫಿ ಮೂಟೆಗೆ ಬಡಿದು ಒಳಗೇ ನಿಂತರೆ ಮೂಟೆ ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ಜರುಗುತ್ತದೆ. ಐದು ಕ್ವಿಂಟಲ್ ತೂಗುವ ಮೂಸ್‌ಗೆ ಬಡಿದರೆ? ಬರೀ 3 ಸೆಂಟಿಮೀಟರ್. ಅಂದರೆ ಇರುವೆ ನಡೆಯುವ ವೇಗ. ಇನ್ನೊಂದು ರೀತಿಯಲ್ಲೂ ಯೋಚಿಸಬಹುದು. ಗುಂಡು ಮುಂದಕ್ಕೆ ಹೋಗುವಾಗ ಅಷ್ಟೇ ತಳ್ಳು ಕೋವಿ ಹಿಡಿದವನ ಹೆಗಲಿಗೂ ಬರುತ್ತದೆ. ಅವನು ಬೀಳದಿದ್ದ ಮೇಲೆ ಪ್ರಾಣಿ ಹೇಗೆ ಬಿದ್ದೀತು?

ಪ್ರಾಣಿ ಸಾಯುವುದು ತೂತಿನಿಂದ. ಗುಂಡು ಶ್ವಾಸಕೋಶ, ಹೃದಯ, ದೊಡ್ಡ ರಕ್ತನಾಳಗಳನ್ನು ಹಾದುಹೋದರೆ ರಕ್ತದ ಒತ್ತಡ ಇಳಿದು ಕೆಲವೇ ಸೆಕೆಂಡುಗಳಲ್ಲಿ ಮಿದುಳಿಗೆ ರಕ್ತ ನಿಲ್ಲುತ್ತದೆ. ಆ ಜಾಗ ತಲುಪದಿದ್ದರೆ ಎಷ್ಟು ದೊಡ್ಡ ಬೋರ್ ಇದ್ದರೂ ಸುಖವಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಚರ್ಮ, ಮಾಂಸ, ಬೇಕಾದರೆ ಭುಜದ ಮೂಳೆಯನ್ನೂ ದಾಟಿ ಈ ಗುಂಡು ಅಲ್ಲಿಯವರೆಗೆ ಹೋಗುತ್ತದಾ?

ತೋಟದ ಕೆಲಸ ಮಾಡಿದವರಿಗೆ ಇದರ ಉತ್ತರ ಗೊತ್ತು. ಐದು ಕೆಜಿಯ ಸುತ್ತಿಗೆಯನ್ನು ನೆಲಕ್ಕೆ ಹಾಕಿದರೆ ನೆಲ ಸ್ವಲ್ಪ ತಗ್ಗಾಗುತ್ತದೆ. ಅಷ್ಟೇ ತೂಕದ ಹಾರೆಯನ್ನು ಹಾಕಿದರೆ ಗೇಣು ಒಳಗೆ ಹೋಗುತ್ತದೆ. ತೂಕ ಒಂದೇ, ಆದರೆ ಹಾರೆಯ ತೂಕವೆಲ್ಲ ಸಣ್ಣ ತುದಿಯ ಹಿಂದೆ ಸಾಲಾಗಿ ನಿಂತಿದೆ. ಗುಂಡಿನಲ್ಲೂ ಹಾಗೇ. ತೂಕವನ್ನು ಪೌಂಡಿನಲ್ಲಿ ತಗೊಂಡು, ಇಂಚಿನಲ್ಲಿ ಅಳೆದ ಅಗಲದ ವರ್ಗದಿಂದ ಭಾಗಿಸಿದರೆ ಸೆಕ್ಷನಲ್ ಡೆನ್ಸಿಟಿ ಅನ್ನುವ ಸಂಖ್ಯೆ ಬರುತ್ತದೆ. ನಾನು ಇದನ್ನು ಹಾರೆತನ ಅಂತಲೇ ಕರೆಯುತ್ತೇನೆ.

ಈಗ ಮೇಜಿನ ಮೇಲಿನ ಎರಡು ತೋಟಾಗಳಿಗೆ ಬನ್ನಿ. .375ರ 300 ಗ್ರೇನ್ ಗುಂಡಿನ ಹಾರೆತನ 0.305. 9.3ರ 286 ಗ್ರೇನ್ ಗುಂಡಿನದ್ದು? ಅದೂ 0.305. ಮೂರನೆಯ ದಶಮಾಂಶದವರೆಗೂ ಒಂದೇ! ಕಾಗದದ ಮೇಲೆ .375ರ ಶಕ್ತಿ ಸುಮಾರು 5,750 ಜೂಲ್, 9.3ರದ್ದು ಸುಮಾರು 4,800. ಸಾವಿರದಷ್ಟು ವ್ಯತ್ಯಾಸ. ಆದರೆ ಪ್ರಾಣಿಯ ಮೈಯೊಳಗೆ ಎರಡೂ ಹೋಗುವ ಆಳದಲ್ಲಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಜೂಲ್ ಲೆಕ್ಕ ವೇಗವನ್ನು ವರ್ಗ ಮಾಡುತ್ತದೆ, ಅದಕ್ಕೇ ವೇಗದ ತೋಟಾ ಡಬ್ಬಿಯ ಮೇಲೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ.

ಬಿಸಿಲು, ಮದ್ದು ಮತ್ತು ಉಡಿದಾರ

.375ಕ್ಕೆ ಆ ಉಡಿದಾರ ಯಾಕೆ ಬಂತು ಅನ್ನುವುದು ನನಗೆ ತುಂಬ ಇಷ್ಟವಾದ ಕಥೆ. ಆ ಕಾಲದ ಬ್ರಿಟಿಷ್ ತೋಟಾಗಳಲ್ಲಿ ಕಾರ್ಡೈಟ್ ಅನ್ನುವ ಮದ್ದು ಇರುತ್ತಿತ್ತು. ಪುಡಿಯಲ್ಲ, ಶ್ಯಾವಿಗೆ ಎಳೆಗಳ ಥರ. ಅದಕ್ಕೆ ಒಂದು ಕೆಟ್ಟ ಗುಣ. ಬಿಸಿಲಿಗೆ ಬಿಟ್ಟರೆ ಒತ್ತಡ ಏರುತ್ತಿತ್ತು. ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿ ಉರಿದ ತೋಟಾ ಇಂಡಿಯಾದ ಏಪ್ರಿಲ್ ಬಿಸಿಲಲ್ಲಿ, ಆಫ್ರಿಕಾದ ಬಯಲಲ್ಲಿ ಕಾದು ಕೂತರೆ, ಹೊಡೆದ ಮೇಲೆ ಖಾಲಿ ಹಿತ್ತಾಳೆ ನಳಿಗೆಯ ಬುಡಕ್ಕೆ ಕಚ್ಚಿಕೊಂಡು ಬಿಡುತ್ತಿತ್ತು. ಕೋವಿಯ ಹಿಂಬಾಗಿಲಿನಂಥ ಬೋಲ್ಟ್ ತೆರೆಯುವುದಿಲ್ಲ. ಎದುರಿಗೆ ಗಾಯಗೊಂಡ ಕೋಣ. ಎರಡನೆಯ ಈಡು ಹೊಡೆಯುವ ಹಾಗಿಲ್ಲ.

ಅದಕ್ಕೆ ಹಾಲೆಂಡ್ ಕಂಪನಿಯವರು ತೋಟಾವನ್ನು ಉದ್ದ ಮಾಡಿ, ಒಳಗೆ ಜಾಗ ಜಾಸ್ತಿ ಬಿಟ್ಟು, ಒತ್ತಡವನ್ನು ಇಳಿಸಿದರು. ಮೈಯನ್ನು ಬುಡದಿಂದ ಮೇಲಕ್ಕೆ ನಿಧಾನವಾಗಿ ಸಣ್ಣ ಮಾಡಿದರು. ಇಂಥ ಆಕಾರ ಇದ್ದರೆ ಸ್ವಲ್ಪ ಎಳೆದರೆ ಸಾಕು, ಲೋಟದೊಳಗಿನ ಲೋಟದ ಹಾಗೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಆದರೆ ಹೊಸ ತೊಂದರೆ ಬಂತು. ಇಷ್ಟು ಇಳಿಜಾರಾದ ತೋಟಾಕ್ಕೆ ಹೆಗಲು, ಅಂದರೆ ಕುತ್ತಿಗೆ ಶುರುವಾಗುವಲ್ಲಿನ ಮೆಟ್ಟಿಲು, ಇದ್ದೂ ಇಲ್ಲದ ಹಾಗೆ. ನಳಿಗೆಯೊಳಗೆ ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಅದಕ್ಕೇ ಬುಡದಲ್ಲಿ ಆ ಏಣು. ತೋಟಾ ಅಲ್ಲಿಗೆ ಬಂದು ತಡೆದು ನಿಲ್ಲುತ್ತದೆ. ಆಮೇಲೆ ಬಂದ, ಮ್ಯಾಗ್ನಮ್ ಅನ್ನುವ ಹೆಚ್ಚು ಮದ್ದಿನ ಎಷ್ಟೋ ತೋಟಾಗಳು ಹೆಗಲು ಸರಿಯಾಗಿದ್ದರೂ ಈ ಉಡಿದಾರವನ್ನು ಸುಮ್ನೆ ಕಟ್ಟಿಕೊಂಡವು. ಉಡಿದಾರ ಇದ್ದರೆ ಬಲ ಜಾಸ್ತಿ ಅನ್ನುವ ನಂಬಿಕೆ ಹಾಗೆ ಬೆಳೆಯಿತು. ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ.

ತೋಟಾಗಳ ಚರಿತ್ರೆಯಲ್ಲಿ ಇಂಡಿಯಾದ ಬಿಸಿಲಿನ ಹಾಗೆ ಇಂಡಿಯಾದ ಕಾನೂನಿಗೂ ಪಾಲಿದೆ. 1907ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ ಜನಸಾಮಾನ್ಯರಿಗೆ .450 ಬೋರ್ ನಿಷೇಧಿಸಿತು. ಸೈನ್ಯದ ಹಳೆಯ ಕೋವಿಗಳಿಗೆ ತೋಟಾ ಸಿಕ್ಕೀತು ಅನ್ನುವ ಭಯ. ಆ ಒಂದು ಆದೇಶದಿಂದಾಗಿ ಲಂಡನ್ನಿನ ಕೋವಿ ಕಂಪನಿಗಳು .465ರಂಥ ಹೊಸ ಅಳತೆಗಳನ್ನೇ ಹುಟ್ಟಿಸಬೇಕಾಯಿತು.

ಜರ್ಮನಿಯ ಕಥೆ ಬೇರೆ. ಬರ್ಲಿನ್ನಿನ ಕೋವಿ ತಯಾರಕ ಓಟ್ಟೊ ಬೋಕ್ ಎದುರಿಗೆ ಇದ್ದದ್ದು ಆಫ್ರಿಕಾದ ಜರ್ಮನ್ ವಸಾಹತಿನ ಕೃಷಿಕರು. ಅವರ ಹತ್ತಿರ ಇಂಗ್ಲಿಷ್ ದೊರೆಗಳ ಜೋಡುನಳಿಗೆ ಕೋವಿಗೆ ಕೊಡುವಷ್ಟು ದುಡ್ಡಿಲ್ಲ. ಮೌಸರ್ 98 ಅನ್ನುವ ಗಟ್ಟಿಮುಟ್ಟಾದ ಮಾಮೂಲಿ ರೈಫಲ್ ಇದೆ. ಬೋಕ್ ಕೇಳಿಕೊಂಡ ಪ್ರಶ್ನೆ ಬಹಳ ಸರಳ. ಈ ಮಾಮೂಲಿ ಮೌಸರ್‌ನ ಪೆಟ್ಟಿಗೆಯಲ್ಲಿ ಹಿಡಿಸುವ ಅತಿ ದೊಡ್ಡ ತೋಟಾ ಯಾವುದು? ಅದೇ 9.3×62. .375ಕ್ಕೆ ಉದ್ದದ, ದುಬಾರಿ ಮ್ಯಾಗ್ನಮ್ ಮೌಸರ್ ಬೇಕಿತ್ತು. 9.3ಕ್ಕೆ ಬೇಡ. ಬಡವನ ಕೋವಿ ಅಂತ ಶುರುವಾದದ್ದು ಕಾಡಿನಲ್ಲಿ ತನ್ನ ಹೆಸರನ್ನು ತಾನೇ ಸಂಪಾದಿಸಿಕೊಂಡಿತು.

ಅಮೆರಿಕದವರು ಇದೇ ದಾರಿಯನ್ನು ತಮ್ಮ ರೀತಿಯಲ್ಲಿ ಹಿಡಿದರು. 1922ರಲ್ಲಿ .30-06 ತೋಟಾದ ಕುತ್ತಿಗೆಯನ್ನು ಅಗಲ ಮಾಡಿ .35 ವೆಲನ್ ಮಾಡಿಕೊಂಡರು. ಅರವತ್ತಕ್ಕೂ ಹೆಚ್ಚು ವರ್ಷ ಅದು ಮದ್ದು, ಗುಂಡನ್ನು ತಾವೇ ಕೈಯಾರೆ ತುಂಬಿಕೊಳ್ಳುವವರ ತೋಟಾ ಆಗಿಯೇ ಇತ್ತು. ರೆಮಿಂಗ್ಟನ್ ಕಂಪನಿ ಕಾರ್ಖಾನೆಯಲ್ಲಿ ಮಾಡಲು ಶುರುಮಾಡಿದ್ದು 1980ರ ದಶಕದ ಕೊನೆಗೆ. 250 ಗ್ರೇನ್ ಗುಂಡು, ಸೆಕೆಂಡಿಗೆ ಸುಮಾರು 730 ಮೀಟರ್. ಹಾರೆತನ 0.279, ಈ ಗುಂಪಿನಲ್ಲಿ ಸ್ವಲ್ಪ ಕಡಿಮೆಯೇ. 1958ರಲ್ಲಿ ಬಂದ .338 ವಿನ್‌ಚೆಸ್ಟರ್ ಮ್ಯಾಗ್ನಮ್ ಅಲಾಸ್ಕದ ಮೂಸ್ ಮತ್ತು ಕಂದು ಕರಡಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಅದೇ 250 ಗ್ರೇನ್ ತೂಕ, ಆದರೆ ಗುಂಡು ಸಪೂರ. ಹಾಗಾಗಿ ಹಾರೆತನ 0.313, ವೇಗ 810 ಮೀಟರ್. ಇವೆಲ್ಲದರ ಪೈಕಿ ದೂರದ ಬಯಲಿಗೆ ಹೇಳಿಮಾಡಿಸಿದ್ದು ಇದೇ. 2007ರ .375 ರೂಗರ್ ಹಳೆಯ .375ರ ಕೆಲಸವನ್ನೇ ಉಡಿದಾರ ಇಲ್ಲದೆ, ಗಿಡ್ಡ ತೋಟಾದಲ್ಲಿ, ಇನ್ನೂ ಸ್ವಲ್ಪ ವೇಗವಾಗಿ ಮಾಡುತ್ತದೆ.

ದೂರ ಹೋದರೆ ಏನಾಗುತ್ತದೆ?

ವೇಗದ ತೋಟಾ ಬೇಕು ಅನ್ನುವವರ ದೊಡ್ಡ ವಾದ ಇದು: ಗುಂಡು ಚಪ್ಪಟೆಯಾಗಿ ಹೋಗುತ್ತದೆ, ಕೆಳಗೆ ಇಳಿಯುವುದಿಲ್ಲ. ಎಷ್ಟು ಇಳಿಯುತ್ತದೆ ಅಂತ ನಾವೇ ನೋಡಬಹುದು. ನಳಿಗೆ ಬಿಟ್ಟ ಕ್ಷಣದಿಂದ ಎಲ್ಲ ಗುಂಡುಗಳೂ ಕೈಯಿಂದ ಜಾರಿದ ಕಲ್ಲಿನ ಹಾಗೇ ಬೀಳುತ್ತವೆ. 200 ಮೀಟರ್ ಹೋಗಲು 9.3ಕ್ಕೆ ಸುಮಾರು 0.30 ಸೆಕೆಂಡ್, .338ಕ್ಕೆ ಸುಮಾರು 0.27 ಸೆಕೆಂಡ್ ಬೇಕು. ಅಷ್ಟರಲ್ಲಿ ಮೊದಲನೆಯದು 44 ಸೆಂಟಿಮೀಟರ್, ಎರಡನೆಯದು 36 ಸೆಂಟಿಮೀಟರ್ ಇಳಿದಿರುತ್ತದೆ. ವ್ಯತ್ಯಾಸ ಎಂಟು ಸೆಂಟಿಮೀಟರ್, ಒಂದು ಅಂಗೈ ಅಗಲ. ಮೂಸ್‌ನ ಎದೆಗೂಡಿನಲ್ಲಿ ಗುರಿ ಇಡುವ ಜಾಗ ಒಂದು ಅಡಿಗಿಂತ ಅಗಲ. ರೈಫಲ್‌ನ ಕಣ್ಣನ್ನು 150 ಮೀಟರಿಗೆ ಹೊಂದಿಸಿದರೆ ಈ ಅಂತರ ಇನ್ನೂ ಚಿಕ್ಕದಾಗುತ್ತದೆ. 300 ಮೀಟರ್ ದಾಟಿದ ಮೇಲೆ .338 ನಿಜಕ್ಕೂ ಗೆಲ್ಲುತ್ತದೆ. ಆದರೆ ಆಫ್ರಿಕಾದ ಪೊದೆಗಾಡಿನಲ್ಲಿ ಕೋಣಕ್ಕೆ ಗುರಿ ಇಡುವುದು ಹೆಚ್ಚಾಗಿ ನೂರು ಮೀಟರಿನ ಒಳಗೆ. ಸ್ವೀಡನ್ನಿನ ಪೈನ್ ಕಾಡಿನಲ್ಲೂ ಅಷ್ಟೇ. ಅಲ್ಲಿ ಆ ವೇಗಕ್ಕೆ ಕೆಲಸವೇ ಇಲ್ಲ.

ಆದರೆ ಆ ವೇಗಕ್ಕೆ ಬೆಲೆ ಇದೆ. ಅದನ್ನು ಕೊಡುವುದು ಹೆಗಲು. ಒಂದೇ ತೂಕದ, ನಾಲ್ಕು ಕೆಜಿಯ ರೈಫಲ್ ಇಟ್ಟುಕೊಂಡು ಲೆಕ್ಕ ಹಾಕಿದರೆ .30-06 ಸುಮಾರು 25 ಜೂಲ್ ಒದೆಯುತ್ತದೆ. .35 ವೆಲನ್ 33ರ ಹತ್ತಿರ. 9.3×62 ಸುಮಾರು 40, .338 ಇನ್ನೂ ಸ್ವಲ್ಪ ಮೇಲೆ. .375 ಎಚ್ ಅಂಡ್ ಎಚ್ ಸುಮಾರು 55. ಅಂದರೆ .30-06ಕ್ಕಿಂತ ಎರಡು ಪಟ್ಟು ಜಾಸ್ತಿ. ಸಂಖ್ಯೆ ಓದುವಾಗ ಇದು ಏನೂ ಅನ್ನಿಸುವುದಿಲ್ಲ.

ನನಗೆ ಅದು ಅರ್ಥವಾದದ್ದು ಸ್ವೀಡನ್ನಿನಲ್ಲಿ. ನಮ್ಮ ದೊಡ್ಡಮ್ಮನ ಮಗ ಅಲ್ಲಿ ಬಹಳ ವರ್ಷದಿಂದ ಇದ್ದಾರೆ, ಊರಿನ ಮೂಸ್ ಬೇಟೆ ತಂಡದಲ್ಲೂ ಇದ್ದಾರೆ. ಒಂದು ಬೇಸಿಗೆ ಅವರ ಜೊತೆ ಗುರಿ ಅಭ್ಯಾಸದ ಬಯಲಿಗೆ ಹೋಗಿದ್ದೆ. ಅಲ್ಲಿ ಮರದ ಮೂಸ್ ಒಂದು ಹಳಿಯ ಮೇಲೆ ಅಡ್ಡ ಓಡುತ್ತದೆ, ಅದಕ್ಕೆ ಹೊಡೆಯಬೇಕು. ಮೊದಲು ಅವರ 9.3 ಹಿಡಿದೆ. ಹೆಗಲಿಗೆ ದೊಡ್ಡ ತಳ್ಳು ಬಂತು, ಆದರೆ ನಿಧಾನದ ತಳ್ಳು. ಐದು ಗುಂಡಿನಲ್ಲಿ ನಾಲ್ಕು ಎದೆಗೂಡಿನಲ್ಲೇ ಇದ್ದವು. ಆಮೇಲೆ ತಂಡದ ಇನ್ನೊಬ್ಬರ .375. ಮೂರು ಗುಂಡು ಹೊಡೆದೆ. ಮೊದಲನೆಯದು ಚೆನ್ನಾಗಿ ಹೋಯಿತು. ಮೂರನೆಯದು ಹೊಟ್ಟೆಗೆ.

ಅಣ್ಣ ಏನೂ ಹೇಳದೆ ರೈಫಲ್ ಇಸಕೊಂಡು, ಬೆನ್ನು ತಿರುಗಿಸಿ, ಅವರೇ ತೋಟಾ ಹಾಕಿ ಕೊಟ್ಟರು. ಗುರಿ ಹಿಡಿದು ಟ್ರಿಗರ್ ಒತ್ತಿದೆ. ಟಕ್ ಅಂತ ಸಣ್ಣ ಸದ್ದು, ಅಷ್ಟೆ. ಅವರು ಹಾಕಿದ್ದು ಮದ್ದಿಲ್ಲದ ತೋಟಾ. ಆದರೆ ನಳಿಗೆಯ ತುದಿ ಕಣ್ಣಿಗೆ ಕಾಣುವಷ್ಟು ಕೆಳಗೆ ಬಾಗಿತ್ತು, ನನ್ನ ಕಣ್ಣು ಮುಚ್ಚಿತ್ತು.

“ನೋಡಿದ್ಯಾ? ಒದೆಯೋದಕ್ಕೆ ಮುಂಚೇನೇ ನಿನ್ನ ಮೈ ಹೆದರ್ಕೊಂಡಿದೆ. ತೋಟಾದ್ದೇನೂ ತಪ್ಪಿಲ್ಲ,” ಅಂದರು.

ಆ ಹೊಟ್ಟೆಗೆ ಬಿದ್ದ ಗುಂಡು ಮರದ ಮೂಸ್‌ಗೆ ಬಿತ್ತು. ಜೀವ ಇರುವ ಮೂಸ್ ಆಗಿದ್ದರೆ ಅನ್ನುವ ಯೋಚನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಎದೆಗೆ ಬಿದ್ದ 4,800 ಜೂಲ್, ಹೊಟ್ಟೆಗೆ ಬಿದ್ದ 5,750 ಜೂಲ್‌ಗಿಂತ ಎಷ್ಟೋ ಮೇಲು. ಈ ಒದೆತವನ್ನು ಅಭ್ಯಾಸದಿಂದ ಪಳಗಿಸಬಹುದು, ನಿಜ. ಅದಕ್ಕೆ ವಾರಗಟ್ಟಲೆ, ದುಬಾರಿ ತೋಟಾ ಖರ್ಚು ಮಾಡಿ ಕಲಿಯಬೇಕು. ವರ್ಷಕ್ಕೊಂದು ಸಲ ಕೋವಿ ಎತ್ತುವವರಿಗೆ ಅದು ಆಗುವ ಮಾತಲ್ಲ.

ಗುಂಡಿನ ಒಳಗೆ ಏನಿದೆ?

ತೋಟಾದ ಹೆಸರಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಗುಂಡಿನ ಬಗ್ಗೆ ಮಾತಾಡುವುದು ಕಡಿಮೆ. ಇದು ನನಗೆ ಬೇಸರದ ವಿಷಯ. ಹಳೆಯ ಮಾದರಿಯ ಗುಂಡು ಅಂದರೆ ತೆಳು ತಾಮ್ರದ ಹೊದಿಕೆಯೊಳಗೆ ಸೀಸ. ಮೈಗೆ ಬಡಿದಾಗ ಮೂತಿ ಅಣಬೆಯ ಹಾಗೆ ಅರಳಬೇಕು, ಹಿಂಭಾಗ ಗಟ್ಟಿಯಾಗಿ ಉಳಿದು ಒಳಗೆ ನುಗ್ಗಬೇಕು. ವೇಗ ಜಾಸ್ತಿಯಾದರೆ ಅದು ಅರಳುವ ಬದಲು ಚೂರಾಗುತ್ತದೆ.

1946ರಲ್ಲಿ ಕೆನಡದ ಬ್ರಿಟಿಷ್ ಕೊಲಂಬಿಯದಲ್ಲಿ ಜಾನ್ ನಾಸ್ಲರ್ ಅನ್ನುವ ಬೇಟೆಗಾರನಿಗೆ ಆದದ್ದು ಇದೇ. ಮೈತುಂಬ ಕೆಸರು ಒಣಗಿದ್ದ ಮೂಸ್‌ಗೆ ವೇಗದ .300 ಮ್ಯಾಗ್ನಮ್‌ನಿಂದ ಹೊಡೆದರೂ ಗುಂಡುಗಳು ಒಳಗೆ ಹೋಗದೆ ಮೇಲೆಯೇ ಒಡೆದವು. ಆತ ಊರಿಗೆ ಬಂದು ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಇಟ್ಟ. ಮುಂದಿನ ಕೋಣೆಯ ಸೀಸ ಅರಳಿ ಚದುರಿದರೂ ಗೋಡೆಯ ಹಿಂದಿನ ಸೀಸ ಹಾಗೇ ಉಳಿದು ಮುಂದೆ ಹೋಗುತ್ತದೆ. 1948ರಲ್ಲಿ ಮಾರಾಟಕ್ಕೆ ಬಂದ ಆ ಪಾರ್ಟಿಶನ್ ಗುಂಡು ಇವತ್ತಿಗೂ ಸಿಗುತ್ತದೆ. 1989ರಲ್ಲಿ ಬಾರ್ನ್ಸ್ ಕಂಪನಿ ಸೀಸವೇ ಇಲ್ಲದ ಪೂರ್ತಿ ತಾಮ್ರದ ಗುಂಡು ತಂದಿತು. ಅದು ಚೂರಾಗುವುದು ಅಪರೂಪ. ಇನ್ನೊಂದು ಲಾಭವೂ ಇದೆ. ಸೀಸದ ಚೂರು ಬೇಟೆಯ ಉಳಿಕೆಯಲ್ಲಿ ಸೇರಿ ಅದನ್ನು ತಿಂದ ರಣಹದ್ದುಗಳಿಗೆ ವಿಷವಾಗುತ್ತದೆ. ಕಾಂಡೋರ್ ಅನ್ನುವ ರಣಹದ್ದುಗಳನ್ನು ಉಳಿಸಿಕೊಳ್ಳಲು ಹೊರಟ ಕ್ಯಾಲಿಫೋರ್ನಿಯ, 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಲ್ಲಿಸಿತು. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗಿ ತೋಟಾದೊಳಗಿನ ಜಾಗ ತಿನ್ನುತ್ತದೆ. ಅದಕ್ಕೇ ತಾಮ್ರಕ್ಕೆ ಹೋದವರು 9.3ರಲ್ಲಿ 286ರ ಬದಲು 250 ಗ್ರೇನ್ ಹಾಕುತ್ತಾರೆ. ಗುಂಡು ಒಡೆಯುವುದಿಲ್ಲವಾದ್ದರಿಂದ ಆಳಕ್ಕೆ ಕೊರತೆ ಬರುವುದಿಲ್ಲ.

ಹಾಗಾದರೆ ಯಾವುದು?

ಸ್ವೀಡನ್ನಿನ ಕಾನೂನು ನೋಡಿದರೆ ಆಶ್ಚರ್ಯವಾಗುತ್ತದೆ. ಮೂಸ್‌ಗೆ ಕನಿಷ್ಠ 9 ಗ್ರಾಂ ಗುಂಡು, ನೂರು ಮೀಟರಿನಲ್ಲಿ 2,700 ಜೂಲ್ ಇರಬೇಕು. ಗುಂಡು 10 ಗ್ರಾಂ ಅಥವಾ ಅದಕ್ಕಿಂತ ಭಾರ ಇದ್ದರೆ 2,000 ಜೂಲ್ ಸಾಕು. ಅಂದರೆ ಅವರ ಹಳೆಯ ಸಪೂರ 6.5×55 ಕೂಡ ಪಾಸು. ಎಷ್ಟೋ ತಲೆಮಾರು ಅದರಲ್ಲೇ ಮೂಸ್ ಹೊಡೆದಿದೆ. ಗುಂಡಿನ ಭಾರ ಹೆಚ್ಚಿದರೆ ಜೂಲ್ ಕಡಿಮೆ ಇದ್ದರೂ ನಡೆಯುತ್ತದೆ ಅಂತ ಕಾನೂನೇ ಒಪ್ಪಿಕೊಂಡಿದೆ, ಅಲ್ವಾ? ಹಾಗಿದ್ದರೂ ಅಲ್ಲಿ 9.3 ಯಾಕೆ ಇಷ್ಟು ಜನಪ್ರಿಯ ಅಂದರೆ, ಪ್ರಾಣಿ ಯಾವಾಗಲೂ ಅಡ್ಡವಾಗಿ ನಿಲ್ಲುವುದಿಲ್ಲ. ಓರೆಯಾಗಿ ನಿಂತಾಗ ಭುಜದ ಮೂಳೆ ದಾಟಬೇಕು. ದೊಡ್ಡ ತೂತಿನಿಂದ ರಕ್ತದ ಜಾಡು ಚೆನ್ನಾಗಿ ಬೀಳುತ್ತದೆ, ಹುಡುಕುವುದು ಸುಲಭ. ನಿಧಾನದ ಗುಂಡಿಗೆ ಮಾಂಸ ಹಾಳಾಗುವುದೂ ಕಡಿಮೆ.

ಹಾಗಾಗಿ ಮೂಸ್, ಎಲ್ಕ್, ಕಾಡುಹಂದಿ, ಆಫ್ರಿಕಾದ ಈಲ್ಯಾಂಡ್ ಅನ್ನುವ ದೊಡ್ಡ ಹುಲ್ಲೆ ಇವಕ್ಕೆಲ್ಲ ನನ್ನ ಓಟು 9.3×62ಕ್ಕೆ. ಹಿಂದೆಮುಂದೆ ನೋಡದೆ ಹೇಳುತ್ತೇನೆ. ಅಮೆರಿಕದಲ್ಲಿ ಇರುವವರಿಗೆ .35 ವೆಲನ್ ಅದೇ ಕೆಲಸ ಮಾಡುತ್ತದೆ. ಪರ್ವತದ ಬಯಲಲ್ಲಿ ದೂರ ಹೊಡೆಯಬೇಕಾದವರು .338 ತಗೊಳ್ಳಲಿ, ಆದರೆ ಮೊದಲು ಒದೆತಕ್ಕೆ ಮೈ ಪಳಗಿಸಲಿ.

ಕೇಪ್ ಬಫೆಲೊ ವಿಷಯ ಬಂದರೆ ಮಾತ್ರ ಮಾತು ಬದಲಾಗುತ್ತದೆ. ನಮ್ಮ ಕಾಟಿಗಿಂತ ಸ್ವಲ್ಪ ಚಿಕ್ಕದಾದರೂ ಏಳೆಂಟು ಕ್ವಿಂಟಲ್ ತೂಗುವ, ಗಾಯಗೊಂಡರೆ ತಿರುಗಿ ಬರುವ ಪ್ರಾಣಿ ಅದು. ಆಫ್ರಿಕಾದ ಹಲವು ದೇಶಗಳಲ್ಲಿ ಅದಕ್ಕೆ .375 ಕನಿಷ್ಠ ಅಂತ ಕಾನೂನೇ ಇದೆ. ಕೆಲವು ಕಡೆ 9.3ಕ್ಕೂ ಅವಕಾಶ ಉಂಟು. ಪರವಾನಗಿ ಕಾಗದದಲ್ಲಿ ಏನಿದೆ ಅಂತ ನೋಡದೆ ಹೊರಡಬಾರದು. ಅಲ್ಲಿ .375 ಎಚ್ ಅಂಡ್ ಎಚ್‌ಗೆ ಇನ್ನೊಂದು ಅನುಕೂಲ ಇದೆ. ವಿಮಾನದಲ್ಲಿ ಸಾಮಾನು ತಪ್ಪಿಹೋಗಿ ತೋಟಾದ ಪೆಟ್ಟಿಗೆ ಎಲ್ಲೋ ಉಳಿದರೂ, ಅಲ್ಲಿನ ಸಣ್ಣ ಪಟ್ಟಣದ ಕೋವಿ ಅಂಗಡಿಯಲ್ಲಿ .375ರ ಒಂದು ಡಬ್ಬಿಯಾದರೂ ಸಿಗುವ ಸಾಧ್ಯತೆ ಜಾಸ್ತಿ.